ರಾಜ-ಗುಲಾಮ ಬಂದರೆ: ನೀವೇ ಏರಿಸಿ, ಇಲ್ಲ ಎಸೆಯಿರಿ

ಪೋಕರ್ ಆಡೋರಿಗೆ ಒಂದು ಸಣ್ಣ ಸಲಹೆ. ರಾಜ-ಗುಲಾಮ, ಎಕ್ಕ-ಹತ್ತು ಥರದ ಅರೆಬರೆ ಎಲೆ ಬೇರೆ ಬೇರೆ ಜಾತಿಯಲ್ಲಿ ಬಂದಾಗ, ಫ್ಲಾಪ್‌ಗೆ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಮೇಜಿನ ಮೇಲೆ ಬೀಳೋದಕ್ಕೆ) ಮುಂಚೆ ಸುಮ್ನೆ ಕಾಲ್ ಮಾಡೋದನ್ನ, ಅಂದ್ರೆ ಆಗಲೇ ಇರೋ ಪಣದಷ್ಟೇ ಹಾಕೋದನ್ನ, ಬಿಟ್ಟುಬಿಡಿ. ಯಾರೂ ಪಣ ಏರಿಸಿಲ್ಲ, ನೀವು ಬಟನ್‌ನಲ್ಲೋ (ಫ್ಲಾಪ್ ಆದ್ಮೇಲೆ ಕೊನೆಗೆ ಆಡೋ ಸೀಟು) ಅದಕ್ಕಿಂತ ಒಂದು ಸರದಿ ಮುಂಚೆ ಆಡೋ ಸೀಟಲ್ಲೋ ಇದ್ದೀರಿ ಅಂದ್ರೆ ನೀವೇ ಏರಿಸಿ. ಮೊದಲು ಆಡೋ ಸೀಟುಗಳಿಂದ ಯಾರಾದ್ರೂ ಏರಿಸಿದ್ರೆ ಎಸೆಯಿರಿ. ನೀವು ಏರಿಸಿದಾಗ ಉಳಿದವರು ಎಲೆ ಬಿಟ್ಟರೂ ಪಾಟ್ (ಮಧ್ಯೆ ಕೂಡಿದ ದುಡ್ಡು) ನಿಮ್ಮದೇ. ಕಾಲ್ ಮಾಡಿದ್ರೆ ಆ ದಾರಿ ಮುಚ್ಚಿತು. ಇನ್ನು, ಮೊದಲ ಸೀಟಿಂದ ಏರಿಸೋರ ಹತ್ರ ಎಕ್ಕ-ರಾಜ, ರಾಜ-ರಾಣಿ ಇರೋ ಸಾಧ್ಯತೆ ಜಾಸ್ತಿ. ಎಕ್ಕ-ರಾಜದ ಎದುರು ರಾಜ-ಗುಲಾಮ ಗೆಲ್ಲೋದು ನೂರಕ್ಕೆ ಸುಮಾರು 25 ಸಲ. ಅದಕ್ಕಿಂತ ಕೆಟ್ಟದ್ದು ಫ್ಲಾಪ್‌ನಲ್ಲಿ ರಾಜ, ಎಂಟು, ಮೂರು ಬೀಳೋದು: ನಿಮಗೂ ರಾಜನ ಜೋಡಿ, ಅವರಿಗೂ ರಾಜನ ಜೋಡಿ, ಪಕ್ಕದ ಎಲೆ ಮಾತ್ರ ಅವರದ್ದು ಎಕ್ಕ. ಜೋಡಿ ಸಿಕ್ಕಿದೆ ಅಂತ ಕೈಬಿಡೋಕೂ ಮನಸ್ಸಾಗಲ್ಲ, ರಿವರ್ (ಕೊನೆಯ, ಐದನೇ ಎಲೆ) ತನಕ ದುಡ್ಡು ಹೋಗ್ತಾನೇ ಇರುತ್ತೆ. ಆದ್ರೆ ನೀವು ಬಿಗ್ ಬ್ಲೈಂಡ್‌ನಲ್ಲಿ (ಎಲೆ ನೋಡೋ ಮುಂಚೆಯೇ ದೊಡ್ಡ ಕಡ್ಡಾಯ ಪಣ ಹಾಕೋ ಸೀಟು) ಇದ್ರೆ ಈ ಲೆಕ್ಕ ನಡೆಯಲ್ಲ. ಬಟನ್‌ನವರು ಎರಡು ಬಿಗ್ ಬ್ಲೈಂಡ್‌ನಷ್ಟಕ್ಕೆ ಏರಿಸಿ, ಸ್ಮಾಲ್ ಬ್ಲೈಂಡ್‌ನವರು (ಅದರರ್ಧ ಕಡ್ಡಾಯ ಪಣ ಹಾಕಿದವರು) ಎಲೆ ಬಿಟ್ರೆ, ನೀವು ಹಾಕೋದು ಇನ್ನೊಂದೇ ಬಿಗ್ ಬ್ಲೈಂಡ್, ಪಾಟ್‌ನಲ್ಲಾಗಲೇ ಮೂರೂವರೆ ಇರುತ್ತೆ. ಅಷ್ಟು ಅಗ್ಗಕ್ಕೆ ಧಾರಾಳವಾಗಿ ಕಾಲ್ ಮಾಡಿ. ಸ್ನೇಹಿತರ ಮನೆ ಆಟದಲ್ಲಂತೂ ಯಾರೂ ಎಲೆ ಬಿಡೋದೇ ಇಲ್ಲ, ಅಲ್ಲಿ ಏರಿಸಿ ಹೆದರಿಸೋ ಪ್ರಯತ್ನ ದಂಡ.