ಭೌತಶಾಸ್ತ್ರ ಓದಿದವರು ಬಾಹ್ಯಾಕಾಶ ಕ್ಷೇತ್ರ ಸೇರುವುದು ಹೇಗೆ?

ಭೌತಶಾಸ್ತ್ರ ಓದಿದ ಅನೇಕರು ರಾಕೆಟ್, ವಿಮಾನಗಳೆಲ್ಲ ಎಂಜಿನಿಯರುಗಳ ಪಾಲೆಂದು ಭಾವಿಸಿ ಈ ಕ್ಷೇತ್ರದತ್ತ ತಿರುಗಿಯೂ ನೋಡುವುದಿಲ್ಲ. ಎಂಜಿನ್ ವಿನ್ಯಾಸದ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಉಪಗ್ರಹದ ಕಣ್ಣುಗಳಾದ ಮಸೂರ, ಡಿಟೆಕ್ಟರ್, ಸೆನ್ಸರ್‌ಗಳ ಕೆಲಸಕ್ಕೆ ಭೌತಶಾಸ್ತ್ರವೇ ತಳಹದಿ.

ಆದ್ದರಿಂದ ಮೊದಲು ನಿಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನು ತೆರೆಯಿರಿ. ಡಯೋಡನ್ನು ಬಿಸಿ ಮಾಡುತ್ತ, ಉಷ್ಣತೆ ಏರಿದಂತೆ ಹಿಮ್ಮುಖ ವಿದ್ಯುತ್ ಪ್ರವಾಹ ಹೆಚ್ಚುವುದನ್ನು ಮೈಕ್ರೋ ಅಮ್ಮೀಟರಿನಲ್ಲಿ ಓದಿ, ಅರೆವಾಹಕದ ಎನರ್ಜಿ ಗ್ಯಾಪ್ ಕಂಡುಹಿಡಿದ ಪ್ರಯೋಗ ಅಲ್ಲಿರಬಹುದು. ನಕ್ಷತ್ರಗಳ ಚಿತ್ರ ತೆಗೆದು, ಅದನ್ನು ತನ್ನಲ್ಲಿರುವ ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ಉಪಗ್ರಹ ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ತಿಳಿಸುವ ಸ್ಟಾರ್ ಸೆನ್ಸರ್‌ನಲ್ಲಿಯೂ ಇದೇ ಸಮಸ್ಯೆಯಿದೆ: ಡಿಟೆಕ್ಟರ್ ಬಿಸಿಯಾದರೆ ಬೆಳಕಿಲ್ಲದಿದ್ದರೂ ಹರಿಯುವ ಪ್ರವಾಹ ಹೆಚ್ಚಿ, ಮಂದ ನಕ್ಷತ್ರಗಳು ಅದರಲ್ಲಿ ಮುಳುಗಿಹೋಗುತ್ತವೆ. ಇಂಥ ಸೆನ್ಸರ್‌ಗಳನ್ನು ರೂಪಿಸುವ ಇಸ್ರೋದ ಲಿಯೋಸ್ ಪ್ರಯೋಗಾಲಯ ಇರುವುದು, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ಸಿದ್ಧವಾದ ಪೀಣ್ಯದಲ್ಲಿಯೇ.

ಎರಡನೆಯದು ಪರೀಕ್ಷೆಯ ಆಯ್ಕೆ. ಉಪಕರಣ ಕಟ್ಟುವ ಆಸೆಯಿದ್ದರೆ ಎಂ.ಎಸ್‌ಸಿ. ಜೊತೆಗೆ ಎಂ.ಟೆಕ್. ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆಯನ್ನು ಭೌತಶಾಸ್ತ್ರದಲ್ಲಿ ಬರೆದು, ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ-ತಂತ್ರಜ್ಞಾನ ಸಂಸ್ಥೆಯಾದ ಐಐಎಸ್‌ಟಿಯಲ್ಲಿ ಆಪ್ಟಿಕಲ್ ಎಂಜಿನಿಯರಿಂಗ್‌ನಂತಹ ಎಂ.ಟೆಕ್. ಕೋರ್ಸಿಗೆ ಪ್ರಯತ್ನಿಸಬಹುದು. ಸಂಶೋಧನೆಯಲ್ಲಿ ಒಲವಿದ್ದವರಿಗೆ ಪಿಎಚ್‌.ಡಿ.ಗೆ ದಾರಿಯಾಗುವ ಜೆಸ್ಟ್ ಮತ್ತು ಸಿಎಸ್‌ಐಆರ್-ನೆಟ್ ಪರೀಕ್ಷೆಗಳಿವೆ. ಸೂರ್ಯನನ್ನು ಅಧ್ಯಯನ ಮಾಡುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವಿಇಎಲ್‌ಸಿಯನ್ನು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೂ, 2024ರ ಜನವರಿ 1ರಂದು ಹಾರಿದ, ಆಕಾಶಕಾಯಗಳ ಎಕ್ಸ್-ಕಿರಣಗಳನ್ನು ಅಧ್ಯಯನ ಮಾಡುವ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣವನ್ನು ರಾಮನ್ ಸಂಶೋಧನಾ ಸಂಸ್ಥೆಯೂ ರೂಪಿಸಿದವು. ಎರಡೂ ಬೆಂಗಳೂರಿನವು, ಎರಡರಲ್ಲೂ ಪಿಎಚ್‌.ಡಿ.ಗೆ ಅವಕಾಶವಿದೆ.

ಮೂರನೆಯದಾಗಿ, ಅಂತಿಮ ವರ್ಷದ ಪ್ರಾಜೆಕ್ಟನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಒಂದು ಫೋಟೊಡಯೋಡನ್ನು ಸರಿಯಾಗಿ ಕ್ಯಾಲಿಬ್ರೇಟ್ ಮಾಡಿ, ಅಳತೆಯ ದೋಷ ಎಲ್ಲಿಂದ ಬಂತೆಂದು ವಿವರಿಸಬಲ್ಲ ವಿದ್ಯಾರ್ಥಿಯ ಮಾತಿಗೆ, ನನ್ನ ಅಭಿಪ್ರಾಯದಲ್ಲಿ, ಹತ್ತು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಕವಿದೆ. ಜೊತೆಗೆ ಪೈಥಾನ್ ಕಲಿತು ಆ ದತ್ತಾಂಶವನ್ನು ನೀವೇ ವಿಶ್ಲೇಷಿಸಿ.

ಬಿ.ಎಸ್‌ಸಿ.ಗೇ ಓದು ನಿಲ್ಲಿಸಬೇಕಾದವರು ಎನ್‌ಡಿಟಿ, ಅಂದರೆ ಬಿಡಿಭಾಗವನ್ನು ಒಡೆಯದೆಯೇ ಪರೀಕ್ಷಿಸುವ ವಿದ್ಯೆಯನ್ನು ಕಲಿಯಬಹುದು. ವಿಮಾನದ ರೆಕ್ಕೆಯ ಪದರಗಳ ನಡುವೆ ಬಿರುಕಿದ್ದರೆ ಶ್ರವಣಾತೀತ ಧ್ವನಿಯ ಪ್ರತಿಧ್ವನಿ ಬೇಗನೆ ಮರಳುತ್ತದೆ. ಪರದೆಯ ಮೇಲೆ ಮೂಡುವ ಆ ಸಣ್ಣ ಏರನ್ನು ಗುರುತಿಸಲು ಬೇಕಾದ ತರಂಗಶಾಸ್ತ್ರ ಬಿ.ಎಸ್‌ಸಿ. ಪಠ್ಯದಲ್ಲಿಯೇ ಇದೆ.