ಒಡಿಕತ್ತಿಗೆ ವೇಗ, ಕೋವಿಗೆ ಸರದಿ: ನನ್ನ ಆಟದ ಕಾದಾಟ ಕಟ್ಟಿದ ಅನುಭವ

ಕೇಪಿನ ಕೋವಿಯಲ್ಲಿ ಒಂದು ಗುಂಡು ಹೊಡೆದ ಮೇಲೆ ಮತ್ತೆ ಮದ್ದು ತುಂಬಿ, ಇಡಿದು, ಕೇಪು ಕೂರಿಸುವವರೆಗೆ ಎದುರಿನ ಹಂದಿ ಸುಮ್ಮನೆ ನಿಂತಿರುತ್ತಾ? ನಾನು ಮಾಡುತ್ತಿರುವ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಕಂಪ್ಯೂಟರ್) ಆಟದಲ್ಲಿ ತಲೆಕೆಡಿಸಿದ್ದು ಇದೇ ಪ್ರಶ್ನೆ. ವೇಗದ ಆಟದಲ್ಲಿ ಕೋವಿ ತುಂಬುವುದು ಬರೀ ಕಾಯುವ ಕೆಲಸ. ಯೋಚಿಸಿ ಆಡುವ ಆಟದಲ್ಲಿ ಅದೇ ಒಂದು ದೊಡ್ಡ ನಿರ್ಧಾರ.

ನನ್ನದು ಕೊಡಗಿನ ಸೋಮವಾರಪೇಟೆ ಕಡೆ. ಹಗಲು ಕಾಫಿ ತೋಟ, ರಾತ್ರಿ ಹಳೆಯ ಲ್ಯಾಪ್‌ಟಾಪ್. ಗೊಡೊ ಎಂಬ ಉಚಿತ ಗೇಮ್ ಎಂಜಿನ್‌ನಲ್ಲಿ ಒಬ್ಬನೇ ಕೂತು ಆಟ ಮಾಡುತ್ತೇನೆ. ಆಟದಲ್ಲಿ ಮೂವರಿದ್ದಾರೆ: ಒಡಿಕತ್ತಿ (ಕೊಡಗಿನ ಅಗಲವಾದ ಬಾಗಿದ ಕತ್ತಿ) ಹಿಡಿದವನು, ಕೋವಿ ಹಿಡಿದವಳು, ಸೊಪ್ಪು-ಬೇರು ಗೊತ್ತಿರುವ ಒಬ್ಬ ಅಜ್ಜ. ಎದುರಿಗೆ ಕಾಡುಹಂದಿ, ಜೊತೆಗೆ ಆಳುದ್ದದ ಜಿಗಣೆಗಳು. ಮಳೆಗಾಲದಲ್ಲಿ ಇಲ್ಲಿ ತೋಟಕ್ಕೆ ಇಳಿದವರಿಗೆ ಜಿಗಣೆ ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಮೊದಲು ಮಾಡಿದ್ದು ಪೂರ್ತಿ ಆ್ಯಕ್ಷನ್, ಅಂದರೆ ವೇಗದ ಆಟ. ಒಡಿಕತ್ತಿಯ ಒಂದು ಬೀಸನ್ನು ಮೂರು ತುಂಡು ಮಾಡಿದೆ. ಎತ್ತುವುದಕ್ಕೆ 0.5 ಸೆಕೆಂಡು, ಕಡಿಯುವುದಕ್ಕೆ 0.1, ಮತ್ತೆ ಸಾವರಿಸಿಕೊಳ್ಳಲು 0.6. ಆ್ಯಕ್ಷನ್ ಆಟಗಳ ಜೀವ ಇರುವುದು ಈ ಮೂರು ಅಂಕಿಗಳಲ್ಲಿ. ಎತ್ತುವ ಹೊತ್ತು ಕಡಿಮೆ ಮಾಡಿದರೆ ಕತ್ತಿ ಹಗುರ ಅನಿಸುತ್ತದೆ. ಸಾವರಿಸಿಕೊಳ್ಳುವ ಹೊತ್ತು ಜಾಸ್ತಿ ಮಾಡಿದರೆ ಬೀಸುವ ಮೊದಲು ಆಡುವವನು ಒಂದು ಸಲ ಯೋಚಿಸುತ್ತಾನೆ. ತೂಕ ಬರುವುದು ಚಿತ್ರದಿಂದಲ್ಲ, ಈ ಹೊತ್ತಿನಿಂದ.

ಆಡಿಸಿ ನೋಡಲು ನನಗೆ ಇಬ್ಬರು ಸಿಕ್ಕಿದರು. ಒಬ್ಬ ಚಿಕ್ಕಪ್ಪನ ಮಗ. ಮೊಬೈಲ್‌ನಲ್ಲಿ ಶೂಟಿಂಗ್ ಆಟ ಆಡಿ ಬೆರಳು ಪಳಗಿಸಿಕೊಂಡವನು. ಇನ್ನೊಬ್ಬರು ಚಿಕ್ಕಪ್ಪನೇ. ಅವರಿಗೆ ಇಸ್ಪೀಟು ಬಿಟ್ಟರೆ ಬೇರೆ ಆಟ ಗೊತ್ತಿಲ್ಲ, ಆದರೆ ಇಸ್ಪೀಟಿನಲ್ಲಿ ಅವರನ್ನು ಸೋಲಿಸುವುದು ಕಷ್ಟ. ಹುಡುಗ ಬಂದವನೇ ಹೊಡೆಯುವ ಗುಂಡಿ ಒಂದನ್ನೇ ಕುಟ್ಟಿ ಕುಟ್ಟಿ ಗೆದ್ದ. "ಅಣ್ಣ, ಸೂಪರ್" ಅಂದ. ಸೂಪರ್ ಏನಲ್ಲ. ಒಂದೇ ಗುಂಡಿ ಒತ್ತಿ ಗೆಲ್ಲುವುದಾದರೆ ಮಿಕ್ಕ ಗುಂಡಿಗಳು ಯಾಕೆ?

ಇದಕ್ಕೆ ಮದ್ದು 2011ರ ಡಾರ್ಕ್ ಸೋಲ್ಸ್‌ನಲ್ಲೇ ಇದೆ. ಅಲ್ಲಿ ಹೊಡೆಯುವುದಕ್ಕೂ, ಗುರಾಣಿಯಲ್ಲಿ ಏಟು ತಡೆಯುವುದಕ್ಕೂ, ಉರುಳಿ ತಪ್ಪಿಸಿಕೊಳ್ಳುವುದಕ್ಕೂ ಒಂದೇ ದಮ್ಮು, ಪರದೆಯಲ್ಲಿ ಅದು ಒಂದು ಪಟ್ಟಿಯಾಗಿ ಕಾಣುತ್ತದೆ. ಹೊಡೆತಕ್ಕೆ ಎಲ್ಲ ಸುರಿದರೆ ತಪ್ಪಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ವೇಗದ ಆಟದಲ್ಲಿ ತಂತ್ರ ಇಲ್ಲ ಅನ್ನುವವರು ಆ ಪಟ್ಟಿಯನ್ನು ಸರಿಯಾಗಿ ನೋಡಿಲ್ಲ ಅನ್ನಿ. ನಾನೂ 100ರ ಒಂದು ಪಟ್ಟಿ ಇಟ್ಟು, ಒಂದು ಬೀಸಿಗೆ 25, ಒಂದು ಉರುಳಿಗೆ 30 ಅಂತ ಕಳೆದೆ. ಕುಟ್ಟುವುದು ನಿಂತಿತು. ಹುಡುಗ ಜಿಗಣೆ ನೆಗೆಯುವುದನ್ನು ಕಾದು, ಪಕ್ಕಕ್ಕೆ ಸರಿದು, ಆಮೇಲೆ ಬೀಸಲು ಕಲಿತ. ಒಡಿಕತ್ತಿಯವನ ಮಟ್ಟಿಗೆ ಈ ಕಾದಾಟ ನನಗೆ ಈಗಲೂ ಇಷ್ಟ.

ತೊಡಕು ಉಳಿದಿಬ್ಬರದು. ಒಂದೇ ಹೊತ್ತಿಗೆ ಮೂವರನ್ನು ಆಡಿಸಲು ಯಾರಿಗೂ ಮೂರು ಜೊತೆ ಕೈ ಇಲ್ಲ. ಹಳಬರು ಇದಕ್ಕೆ ಕಂಡುಕೊಂಡ ದಾರಿ ನಿಲ್ಲಿಸಿ ಆಡುವುದು. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ಕಾದಾಟ ತಾನಾಗಿ ಓಡುತ್ತಿರುತ್ತದೆ. ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ, ಎಲ್ಲರಿಗೂ ಅಪ್ಪಣೆ ಕೊಟ್ಟು ಮತ್ತೆ ಓಡಿಸಬಹುದು. ಒಳಗೆ ಮಾತ್ರ ಆರು ಸೆಕೆಂಡಿನ ಸುತ್ತುಗಳ ಲೆಕ್ಕವೇ ನಡೆಯುತ್ತಿರುತ್ತದೆ. ನಾನೂ ಹಾಗೇ ಮಾಡಿದೆ. ಹುಡುಗ ಒಮ್ಮೆಯೂ ನಿಲ್ಲಿಸಲಿಲ್ಲ, ಅಜ್ಜ ಎಲ್ಲಿ ಸತ್ತ ಅಂತಲೂ ಗೊತ್ತಾಗಲಿಲ್ಲ. ಚಿಕ್ಕಪ್ಪ ಎರಡು ಹೆಜ್ಜೆಗೊಮ್ಮೆ ನಿಲ್ಲಿಸಿದರು. ಇಬ್ಬರಿಗೂ ಒಂದೇ ಆಟ ಕೊಟ್ಟೆ, ಇಬ್ಬರೂ ಬೇರೆ ಬೇರೆ ಆಟ ಆಡಿದರು.

ಆಮೇಲೆ ಜೊತೆಗಾರರಿಗೆ ಮೊದಲೇ ನಿಯಮ ಬರೆದಿಟ್ಟೆ. 2006ರ ಫೈನಲ್ ಫ್ಯಾಂಟಸಿ 12ರಲ್ಲಿ ಗ್ಯಾಂಬಿಟ್ ಅಂತ ಇದೆಯಲ್ಲ, ಅದೇ ಬಗೆ. 'ಯಾರದಾದರೂ ಜೀವ ಅರ್ಧಕ್ಕಿಂತ ಕೆಳಗೆ ಬಂದರೆ ಮದ್ದು ಕೊಡು', 'ಹಂದಿ ಹತ್ತಿರ ಬಂದರೆ ಹಿಂದೆ ಸರಿ', ಹೀಗೆ ಮೇಲಿಂದ ಕೆಳಗೆ ಸಾಲಾಗಿ. ಬರೆಯುವಾಗ ನನಗೆ ಬಹಳ ಖುಷಿ. ಆಡಿದ ಚಿಕ್ಕಪ್ಪ ಕೇಳಿದರು, "ಎಲ್ಲ ಅವರೇ ಮಾಡ್ಕೊಳ್ತಾರಲ್ಲೋ, ನಾನ್ಯಾಕೆ ಇಲ್ಲಿ ಕೂತಿರೋದು?"

ಅಲ್ಲಿಂದ ನಾನು ಒಂದೇ ಪರೀಕ್ಷೆ ಇಟ್ಟುಕೊಂಡೆ. ಸೋತವರನ್ನು ಕೂಡಲೇ ಕೇಳುವುದು: ಯಾಕೆ ಸೋತೆ? "ಏನೋ ಬಂದು ಹೊಡೀತು" ಅಂದರೆ ಆ ಕಾದಾಟ ಇನ್ನೂ ಸರಿಯಾಗಿಲ್ಲ. "ಅವಳನ್ನ ಮುಂದೆ ಬಿಡಬಾರದಿತ್ತು" ಅಂದರೆ ಸರಿಯಾಗಿದೆ. ಆಟ ಓಡುತ್ತದೋ ಕಾಯುತ್ತದೋ ಎರಡನೇ ಮಾತು. ಆಡಿಸಲು ಒಡಿಕತ್ತಿಯವನೊಬ್ಬನೇ ಇದ್ದಾಗ ಹುಡುಗ ಸರಿಯಾಗಿ ಉತ್ತರ ಕೊಡುತ್ತಿದ್ದ. ಮೂವರಾದ ಕೂಡಲೇ ಅವನಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಸರದಿ ಆಟಕ್ಕೆ ಬಂದೆ, ಅಂದರೆ ಒಬ್ಬರಾದ ಮೇಲೆ ಒಬ್ಬರು ಆಡುವ ಟರ್ನ್-ಬೇಸ್ಡ್. 90ರ ದಶಕದಲ್ಲಿ ಡಯಾಬ್ಲೊ ಎಂಬ ಆಟ ನನ್ನ ಎದುರು ದಿಕ್ಕಿಗೆ ಹೋಗಿತ್ತು. ಅದು ಶುರುವಾದದ್ದು ಸರದಿ ಆಟವಾಗಿ. ಆಮೇಲೆ ಅದನ್ನು ಕಟ್ಟುತ್ತಿದ್ದ ಡೇವಿಡ್ ಬ್ರೆವಿಕ್ ಅದನ್ನು ರಿಯಲ್-ಟೈಮ್, ಅಂದರೆ ಸರದಿಗೆ ಕಾಯದೆ ಓಡುವ ಆಟ ಮಾಡಿದರು. ಆದರೆ ಅಲ್ಲಿ ಆಡಿಸಬೇಕಾದದ್ದು ಒಬ್ಬನೇ ವೀರನನ್ನು. ನನ್ನಲ್ಲಿ ಮೂವರು.

ನನಗೆ ಹೆಚ್ಚು ಕಲಿಸಿದ್ದು 2017ರ ಡಿವಿನಿಟಿ: ಒರಿಜಿನಲ್ ಸಿನ್ 2. ಅಲ್ಲಿ ಸಾಮಾನ್ಯವಾಗಿ ಒಂದು ಸರದಿಗೆ 4 ಆ್ಯಕ್ಷನ್ ಪಾಯಿಂಟ್, ಅಂದರೆ ನಡೆಯಲು, ಹೊಡೆಯಲು ಖರ್ಚು ಮಾಡುವ ಅಂಕ. ಉಳಿಸಿದರೆ ಮುಂದಿನ ಸರದಿಗೆ ಸೇರುತ್ತದೆ, ಆದರೆ 6ಕ್ಕಿಂತ ಮೇಲೆ ಹೋಗುವುದಿಲ್ಲ. ಈ ಉಳಿತಾಯ ನೋಡಿದಾಗ ನನ್ನ ಕೋವಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೋವಿ ತುಂಬುವುದಕ್ಕೆ 5 ಪಾಯಿಂಟ್ ಇಟ್ಟೆ. ಸರದಿಗೆ ಬರುವುದು 4. ಅಂದರೆ ಒಂದೇ ಸರದಿಯಲ್ಲಿ ತುಂಬಲು ಆಗುವುದೇ ಇಲ್ಲ. ಹಿಂದಿನ ಸರದಿಯಲ್ಲೇ ಒಂದನ್ನಾದರೂ ಉಳಿಸಿರಬೇಕು. ಹಾಗೆ ಉಳಿಸಲು ಒಂದು ಹೆಜ್ಜೆ ಕಡಿಮೆ ಇಡಬೇಕು. ಆ ಒಂದು ಹೆಜ್ಜೆಯಲ್ಲಿ ಜಿಗಣೆ ಹತ್ತಿರ ಬರುತ್ತದೆ. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಾಗಿದ್ದು ಇಲ್ಲಿಯೇ.

ನೆಲವನ್ನೂ ಆಟಕ್ಕೆ ತಂದೆ. ಡಿವಿನಿಟಿಯಲ್ಲಿ ಎಣ್ಣೆಗೆ ಬೆಂಕಿ ಹತ್ತುತ್ತದೆ, ನೀರಿಗೆ ಕರೆಂಟು ಹರಿಯುತ್ತದೆ. ನನಗೆ ಅಷ್ಟೆಲ್ಲ ಬೇಡ. ಒದ್ದೆ ನೆಲದಲ್ಲಿ ಜಿಗಣೆ ಮೂರು ಚೌಕ ಹೋಗುತ್ತದೆ, ಒಣ ನೆಲದಲ್ಲಿ ಒಂದೇ. ಅಜ್ಜ ಉಪ್ಪು ಚೆಲ್ಲಿದ ಚೌಕವನ್ನು ಜಿಗಣೆ ಎರಡು ಸರದಿ ದಾಟುವುದಿಲ್ಲ. ಮಳೆ ಬಂದರೆ ಉಪ್ಪು ಕರಗುತ್ತದೆ, ನೆಲವೆಲ್ಲ ಒದ್ದೆ. ಮಳೆ ಯಾವ ಸರದಿಗೆ ಬರುತ್ತದೆ ಅಂತ ಪರದೆಯ ಮೇಲ್ತುದಿಯಲ್ಲಿ ತೋರಿಸುತ್ತೇನೆ. (ನಿಜವಾದ ಕೊಡಗಿನಲ್ಲಿ ಆ ಸೌಕರ್ಯ ಇಲ್ಲ, ಬಿಡಿ.) ಮದ್ದುಸೊಪ್ಪಿನ ರಸ ಒಂದು ಕಾದಾಟಕ್ಕೆ ಒಂದೇ ಸಲ. ಹೊಡೆತ ತಾಗುವುದೋ ಇಲ್ಲವೋ ಅನ್ನುವ ದಾಳದಾಟವನ್ನು ಪೂರ್ತಿ ತೆಗೆದೆ. 2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಇಪ್ಪತ್ತು ಮುಖದ ದಾಳ ಚೆನ್ನಾಗಿ ಒಪ್ಪುತ್ತದೆ, ಅಲ್ಲಿ ಸೋತರೂ ಕತೆ ಹುಟ್ಟುತ್ತದೆ. ನನ್ನ ಚಿಕ್ಕ ಆಟದಲ್ಲಿ ಎರಡು ಸರದಿ ಕೂಡಿಟ್ಟು ತುಂಬಿದ ಕೋವಿ ಗುರಿ ತಪ್ಪಿದರೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಇನ್ನು ನಿಧಾನದ ದೂರು. ಅದು ಸುಳ್ಳಲ್ಲ. ಎಂಟು ಜಿಗಣೆ, ಒಂದೊಂದಕ್ಕೆ ಎರಡು ಸೆಕೆಂಡು ಅಂದರೆ 16 ಸೆಕೆಂಡು ಕೈಕಟ್ಟಿ ಕೂರಬೇಕು. ಹುಡುಗ ಆ ಹೊತ್ತಿಗೆ ಫೋನ್ ತೆಗೆದು ನೋಡುತ್ತಿದ್ದ. ಬೇಜಾರು ಬರುವುದು ಯೋಚನೆ ಮಾಡುವುದರಿಂದಲ್ಲ, ಸುಮ್ನೆ ಕಾಯುವುದರಿಂದ. ಜಿಗಣೆಗಳನ್ನು ನಾಲ್ಕಕ್ಕೆ ಇಳಿಸಿದೆ, ಎಲ್ಲವೂ ಒಟ್ಟಿಗೇ ಚಲಿಸುವ ಹಾಗೆ ಮಾಡಿದೆ, ಚಲನೆಯನ್ನು 0.6 ಸೆಕೆಂಡಿಗೆ ತಂದೆ. ಮುಂದೆ ಯಾರ ಮೇಲೆ ನೆಗೆಯುತ್ತವೆ ಅಂತ ನೆಲದ ಮೇಲೆ ಕೆಂಪು ಗುರುತು. 2018ರ ಇನ್‌ಟು ದಿ ಬ್ರೀಚ್ ಹೀಗೆ ಶತ್ರುವಿನ ಏಟನ್ನು ಮೊದಲೇ ತೋರಿಸುತ್ತದೆ. ಅದರಿಂದ ಆಟ ಸುಲಭವಾಗುವುದಿಲ್ಲ, ನೆಪ ಹೇಳುವುದು ಕಷ್ಟವಾಗುತ್ತದೆ.

ನಡುದಾರಿಯನ್ನೂ ನೋಡಿದೆ. 2020ರ ಫೈನಲ್ ಫ್ಯಾಂಟಸಿ 7 ರಿಮೇಕ್‌ನಲ್ಲಿ ಹೊಡೆಯುತ್ತಾ ಪಟ್ಟಿ ತುಂಬಿಸಿಕೊಂಡು, ಮೆನು ತೆರೆದರೆ ಲೋಕವೇ ನಿಧಾನವಾಗುತ್ತದೆ. ಬಹಳ ಚೆಂದ. ಗೊಡೊದಲ್ಲಿ ಟೈಮ್ ಸ್ಕೇಲ್ ಎಂಬ, ಆಟದ ಕಾಲ ಎಷ್ಟು ವೇಗವಾಗಿ ಓಡಬೇಕು ಅನ್ನುವ ಒಂದು ಅಂಕಿ ಇಳಿಸಿದರೆ ಇದು ಬಂದುಬಿಡುತ್ತದೆ. ಆದರೆ ಆಗ ಮೆನುವಿನ ಅನಿಮೇಷನ್ ಕೂಡ ಆಮೆಯಾಗುತ್ತದೆ, ಅದನ್ನು ಬೇರೆ ಗಡಿಯಾರಕ್ಕೆ ಕಟ್ಟಬೇಕು. ಕಟ್ಟಿದೆ, ಕೆಲಸ ಮಾಡಿತು. ಬಿಟ್ಟಿದ್ದು ಬೇರೆ ಕಾರಣಕ್ಕೆ. ಇಲ್ಲಿ ಜುಲೈನಲ್ಲಿ ಯಾವಾಗ ಕರೆಂಟು ಹೋಗುತ್ತದೋ ಹೇಳಲಾಗದು, ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ನೆಚ್ಚಿಕೊಳ್ಳುವಂತಿಲ್ಲ. ಸರದಿ ಆಟವಾದರೆ ಯಾರು ಯಾವ ಚೌಕದಲ್ಲಿ, ಎಷ್ಟು ಜೀವ, ಎಷ್ಟು ಪಾಯಿಂಟ್ ಅಂತ ಕೆಲವೇ ಅಂಕಿ. ಪ್ರತಿ ಸರದಿಗೂ ಸೇವ್ ಮಾಡಬಹುದು. ವೇಗದ ಆಟವಾದರೆ ಬೀಸಿನ ನಡುವೆ, ನೆಗೆತದ ನಡುವೆ ಎಲ್ಲವನ್ನೂ ಹಿಡಿದಿಡುವುದು ಒಬ್ಬನ ಕೈಯಲ್ಲಿ ಮುಗಿಯುವ ಕೆಲಸವಲ್ಲ.

ಹುಡುಗನಿಗಾಗಿ ವೇಗದ ಒಂದು ತುಣುಕು ಮಾತ್ರ ಉಳಿಸಿಕೊಂಡೆ. ಜಿಗಣೆ ನೆಗೆದ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಏಟು ಅರ್ಧ. 2025ರ ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33 ಸರದಿ-ವೇಗಗಳ ಈ ಜೋಡಿಯನ್ನು ಇನ್ನೂ ದೂರ ಒಯ್ದಿದೆ, ಅಲ್ಲಿ ಶತ್ರುವಿನ ಸರದಿಯಲ್ಲಿ ಏಟನ್ನು ಪೂರ್ತಿ ತಪ್ಪಿಸಬಹುದು. ನಾನು ಅರ್ಧಕ್ಕೆ ನಿಲ್ಲಿಸಿದ್ದೇಕೆಂದರೆ, ಬೆರಳು ಚುರುಕಾಗಿದ್ದವನಿಗೆ ಉಪ್ಪು ಬೇಡವೇ ಬೇಡ ಎಂದಾಗಬಾರದು. ಒತ್ತಲು ಕೊಡುವ ಹೊತ್ತು ಮೊದಲು 0.2 ಸೆಕೆಂಡು ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಆಟ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಓಡುತ್ತದೆ, ಅಂದರೆ ಬರೀ ಆರು ಫ್ರೇಮ್. ಒಂದೆರಡು ತಡವರಿಸಿದರೆ ಅನ್ಯಾಯ ಅನಿಸುತ್ತದೆ. ಈಗ 0.35 ಇದೆ, ಸೆಟ್ಟಿಂಗ್‌ನಲ್ಲಿ 0.7ರವರೆಗೆ ಏರಿಸಬಹುದು, ಪೂರ್ತಿ ಆಫ್ ಕೂಡ ಮಾಡಬಹುದು. ಚಿಕ್ಕಪ್ಪ ಆಫ್ ಮಾಡಿಯೇ ಆಡುತ್ತಾರೆ.

ಸದ್ಯ ಮನೆಯಲ್ಲಿ ಜಗಳ ಇರುವುದು ಹಿಂದೆ ತೆಗೆದುಕೊಳ್ಳುವ ಗುಂಡಿಯ ಬಗ್ಗೆ. ಇಟ್ಟ ಹೆಜ್ಜೆ ವಾಪಸ್ ಬೇಕು ಅಂತ ಹುಡುಗ, ಇಳಿಸಿದ ಎಲೆ ಇಳಿಸಿದ್ದೇ ಅಂತ ಚಿಕ್ಕಪ್ಪ. ಹೆಜ್ಜೆಗೆ ವಾಪಸ್ ಕೊಟ್ಟಿದ್ದೇನೆ, ಕೋವಿಯ ಹೊಡೆತಕ್ಕೆ ಕೊಟ್ಟಿಲ್ಲ. ಉಪ್ಪಿಗೆ ಕೊಡಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ.