ಬಲಕ್ಕೆ ವಾಲಿದ ಅಂಕಣ: ನಾನು ಬರೆಯುವ ರೀತಿ

ನಮ್ಮ ರಾಜಕೀಯ ಅಂಕಣಗಳಲ್ಲಿ ಅರ್ಧಕ್ಕರ್ಧ ಇನ್ನೊಬ್ಬ ಅಂಕಣಕಾರನ ಮೇಲಿನ ಸಿಟ್ಟಿನಿಂದ ಹುಟ್ಟಿದವು. ನನ್ನವೂ ಹಾಗೆಯೇ ಹುಟ್ಟುತ್ತವೆ. ನಾನು ತೆರಿಗೆ ಸಲಹೆಗಾರ. ವಾರಕ್ಕೊಮ್ಮೆ ಜಿಲ್ಲಾ ಪತ್ರಿಕೆಯೊಂದಕ್ಕೆ ಬರೆಯುತ್ತೇನೆ. ಸರ್ಕಾರ ಕೈ ಬಿಗಿಹಿಡಿದು ಖರ್ಚು ಮಾಡಬೇಕು, ದೇವಸ್ಥಾನದ ಹುಂಡಿಯಿಂದ ದೂರವಿರಬೇಕು, ಹಳೆಯದನ್ನು ಕೆಡವುವ ಮೊದಲು ಅದು ಯಾಕೆ ಅಲ್ಲಿತ್ತು ಎಂದು ಕೇಳಬೇಕು ಎಂದು ನಂಬಿದವನು. ಇಂಥವನನ್ನು ಸಂಪ್ರದಾಯವಾದಿ ಎಂದು ಕರೆದರೆ ನನಗೇನೂ ಬೇಸರವಿಲ್ಲ.

ಎದುರು ಪಾಳಯದ ಲೇಖನ ಓದುವಾಗ ಪೆನ್ಸಿಲ್ ಹಿಡಿದು ಬೈಗುಳದಂತಹ ವಿಶೇಷಣಗಳನ್ನೆಲ್ಲ ಹೊಡೆದುಹಾಕುತ್ತೇನೆ. ‘ಕೋಮುವಾದಿ’, ‘ಮನುವಾದಿ’ ಹೋದ ಮೇಲೆ, ಕಡತ ತೆಗೆದು ತಾಳೆ ನೋಡಬಹುದಾದ ವಾಕ್ಯ ಒಂದೋ ಎರಡೋ ಉಳಿಯುತ್ತವೆ. ನನ್ನ ಉತ್ತರ ಆ ವಾಕ್ಯಗಳಿಗೆ ಮಾತ್ರ. ನಮ್ಮ ಕಡೆಯವರ ಬರಹಕ್ಕೂ ಅದೇ ಪೆನ್ಸಿಲ್. ‘ಗಂಜಿ ಗಿರಾಕಿ’, ‘ನಗರ ನಕ್ಸಲ’ ಹೊಡೆದುಹಾಕಿದರೆ ಕೆಲವು ಲೇಖನಗಳಲ್ಲಿ ಲೇಖಕರ ಹೆಸರಷ್ಟೇ ಉಳಿದದ್ದುಂಟು.

2024ರ ಫೆಬ್ರುವರಿಯಲ್ಲಿ ಕರ್ನಾಟಕದ ಕಾಂಗ್ರೆಸ್ ಸರ್ಕಾರದ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಬಂದಾಗ ಈ ಪೆನ್ಸಿಲ್‌ಗೆ ಭಾರಿ ಕೆಲಸ ಬಿತ್ತು. ಮಸೂದೆ ವಿಧಾನಸಭೆಯಲ್ಲಿ ಗೆದ್ದಿತು, ವಿಧಾನ ಪರಿಷತ್ತಿನಲ್ಲಿ ಬಿದ್ದಿತು, ಅದೇ ತಿಂಗಳು ಮತ್ತೆ ವಿಧಾನಸಭೆಯಲ್ಲಿ ಗೆದ್ದಿತು. ನಮ್ಮವರು ‘ದೇವಸ್ಥಾನಗಳ ಮೇಲೆ ಹೊಸದಾಗಿ ಶೇ 10ರ ತೆರಿಗೆ, ಇದು ಜಜಿಯಾ’ (ಮುಸ್ಲಿಂ ಅರಸರು ಮುಸ್ಲಿಮೇತರರ ಮೇಲೆ ಹಾಕುತ್ತಿದ್ದ ತೆರಿಗೆ) ಎಂದು ಬರೆದರು. ‘ಹಣವೆಲ್ಲ ಆದಾಯವಿಲ್ಲದ ಸಿ ವರ್ಗದ ದೇವಸ್ಥಾನಗಳಿಗೇ ಹೋಗುತ್ತದೆ, ಕೂಗಾಡುವುದಕ್ಕೇನಿದೆ’ ಎಂದು ಆ ಕಡೆಯವರು ಬರೆದರು. ನಾನು 1997ರ ಮೂಲ ಕಾಯ್ದೆಯನ್ನೂ 2011ರ ತಿದ್ದುಪಡಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತೆ. ವಾರ್ಷಿಕ ಆದಾಯ 10 ಲಕ್ಷ ದಾಟಿದ ದೇವಸ್ಥಾನ ಶೇ 10ರಷ್ಟನ್ನು, ಬಡ ದೇವಸ್ಥಾನಗಳಿಗೆ ನೆರವು ಹಂಚುವ ಸಾಮಾನ್ಯ ಸಂಗ್ರಹಣಾ ನಿಧಿಗೆ ಕೊಡಬೇಕೆಂಬ ನಿಯಮ ಆಗಲೇ ಇತ್ತು. 2011ರಲ್ಲಿ ಅದನ್ನು ತಂದದ್ದು ಬಿಜೆಪಿ ಸರ್ಕಾರ! ಹಾಗಾಗಿ ‘ಹೊಸದಾಗಿ’ ಎಂಬ ಪದ ನನ್ನ ಅಂಕಣದಲ್ಲಿ ಬರುವಂತಿರಲಿಲ್ಲ.

ಹಾಗೆಂದು ಮಸೂದೆಯಲ್ಲಿ ತಕರಾರಿಲ್ಲವೇ? ಇತ್ತು, ಮತ್ತು ಅದು ಲೆಕ್ಕ ಬರೆಯುವವನ ಕಣ್ಣಿಗೆ ಬೇಗ ಬೀಳುವಂಥದ್ದು. ಹಳೆಯ ನಿಯಮದಲ್ಲಿ ಪಾಲು ಕೊಡಬೇಕಿದ್ದುದು ಖರ್ಚು ಕಳೆದ ನಿವ್ವಳ ಆದಾಯದಿಂದ. ಮಸೂದೆ ಅದನ್ನು ಒಟ್ಟು ಆದಾಯಕ್ಕೆ ಬದಲಾಯಿಸಿತ್ತು: 10 ಲಕ್ಷದಿಂದ 1 ಕೋಟಿವರೆಗೆ ಶೇ 5, ಅದಕ್ಕಿಂತ ಮೇಲೆ ಶೇ 10. ವರ್ಷಕ್ಕೆ 2 ಕೋಟಿ ಬರುವ ದೇವಸ್ಥಾನವೊಂದು ಅನ್ನದಾನ, ಸಂಬಳ, ಉತ್ಸವ, ದುರಸ್ತಿ ಎಂದು 1 ಕೋಟಿ 80 ಲಕ್ಷ ಖರ್ಚು ಮಾಡುತ್ತದೆ ಎಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಅದು ಕೊಡಬೇಕಾದದ್ದು 2 ಲಕ್ಷ, ಹೊಸ ಲೆಕ್ಕದಲ್ಲಿ 20 ಲಕ್ಷ. ಅಂದರೆ ಉಳಿದದ್ದು ಪೂರ್ತಿ ಹೋಯಿತು. 60 ಲಕ್ಷ ಬಂದು 50 ಲಕ್ಷ ಖರ್ಚಾಗುವ ಕಡೆ 1 ಲಕ್ಷ ಇದ್ದದ್ದು 3 ಲಕ್ಷವಾಗುತ್ತದೆ. 5ರಿಂದ 10 ಲಕ್ಷ ಆದಾಯದವರಿಗೆ ಮಾತ್ರ ಮಸೂದೆಯಲ್ಲಿ ವಿನಾಯಿತಿ ಇತ್ತು. ಅದನ್ನೂ ಬರೆದೆ, ಬಿಡಲಿಲ್ಲ.

ಸಿ ವರ್ಗದ ದೇವಸ್ಥಾನಗಳು ರಾಜ್ಯದಲ್ಲಿ 34 ಸಾವಿರಕ್ಕೂ ಹೆಚ್ಚಿವೆ. ಅಲ್ಲಿನ ಅರ್ಚಕರ ಪಾಡು ನನಗೆ ಗೊತ್ತು. ಅವರಿಗೆ ನೆರವು ಬೇಡ ಎಂದು ನಾನು ಯಾವತ್ತೂ ಬರೆದವನಲ್ಲ. ಆದರೆ ಆ ನೆರವನ್ನು ಹಂಚುವ ಕೈ ಮುಜರಾಯಿ ಇಲಾಖೆಯದೇ ಏಕಾಗಬೇಕು, ಭಕ್ತರ ಸ್ವತಂತ್ರ ಮಂಡಳಿಯದು ಏಕಾಗಬಾರದು? ಈ ಪ್ರಶ್ನೆ 2011ರ ಸರ್ಕಾರಕ್ಕೂ ಸಲ್ಲುತ್ತದೆ, 2024ರದಕ್ಕೂ ಸಲ್ಲುತ್ತದೆ. ಜಜಿಯಾ ಎಂದು ಕೂಗಿದ್ದರೆ ಈ ಪ್ರಶ್ನೆ ಕೇಳಲು ಬಾಯಿಯೇ ಇರುತ್ತಿರಲಿಲ್ಲ.

ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ ಯೋಜನೆಗಳ ಬಗ್ಗೆ ಬರೆಯುವಾಗಲೂ ನಾನು ಬಜೆಟ್ ಭಾಷಣಕ್ಕಿಂತ ಹೆಚ್ಚಾಗಿ ಅದರ ಜೊತೆ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು, ಅಂದರೆ ಮುಂದಿನ ಕೆಲವು ವರ್ಷಗಳ ಆದಾಯ, ಖರ್ಚು, ಸಾಲದ ಅಂದಾಜನ್ನು, ಓದುತ್ತೇನೆ. ಭಾಷಣದಲ್ಲಿ ಕವಿತೆ ಇರುತ್ತದೆ, ಇಲ್ಲಿ ಇರುವುದಿಲ್ಲ. 2024–25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52 ಸಾವಿರ ಕೋಟಿ ಇಟ್ಟು, 27,354 ಕೋಟಿಯ ರಾಜಸ್ವ ಕೊರತೆ ತೋರಿಸಲಾಗಿತ್ತು. ದಿನನಿತ್ಯದ ಖರ್ಚಿಗೇ ಸಾಲ ಎಂದು ಇದರ ಅರ್ಥ. ಇದನ್ನು ತಡೆಯಲೆಂದೇ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂದದ್ದು, ಅದೂ ಕಾಂಗ್ರೆಸ್ಸಿನ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ. ಈ ಅಂಶ ನನಗೆ ತುಂಬ ಪ್ರಿಯ, ಎದುರಾಳಿಯ ಮನೆಯ ಅಳತೆಗೋಲಿನಿಂದಲೇ ಎದುರಾಳಿಯನ್ನು ಅಳೆಯಬಹುದು. ಆದರೆ ವರ್ಷಗಟ್ಟಲೆ ಉಳಿತಾಯ ತೋರಿಸುತ್ತಿದ್ದ ರಾಜ್ಯ 2021ರ ಮಾರ್ಚ್‌ನ ಯಡಿಯೂರಪ್ಪ ಬಜೆಟ್‌ನಲ್ಲಿ 15 ಸಾವಿರ ಕೋಟಿಗೂ ಮೀರಿದ ರಾಜಸ್ವ ಕೊರತೆ ತೋರಿಸಿತ್ತು ಎಂಬುದನ್ನೂ ಅದೇ ಪ್ಯಾರಾದಲ್ಲಿ ಹೇಳುತ್ತೇನೆ. ಕೋವಿಡ್ ಕಾಲ, ಕಾರಣವಿತ್ತು. ಮಹಾರಾಷ್ಟ್ರದಲ್ಲಿ 2024ರ ಚುನಾವಣೆಗೆ ಮೊದಲು ಬಿಜೆಪಿ ಮೈತ್ರಿಕೂಟದ ಸರ್ಕಾರ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟ ಲಾಡ್ಕಿ ಬಹೀಣ್ ಯೋಜನೆಗೆ ಅಂಥ ಕಾರಣವಿರಲಿಲ್ಲ. ಇಲ್ಲಿನ ಗೃಹಲಕ್ಷ್ಮಿ ಗ್ಯಾರಂಟಿಯ 2,000ವನ್ನು ಟೀಕಿಸುವವನು ಅದರ ಬಗ್ಗೆ ಸುಮ್ಮನಿರಲಾಗದು. ಇದನ್ನು ಬರೆದ ವಾರ ನಮ್ಮ ಕಡೆಯ ಓದುಗರ ದೂರವಾಣಿ ಕರೆಗಳೇ ಜಾಸ್ತಿ. ‘ರಾಯರೇ, ನೀವೂ ಹಾಗೆ ಬರೆದರೆ ಹೇಗೆ’ ಎಂದು ಶುರುವಾಗುವ ಕರೆಗಳು. ಮೊತ್ತ ತಪ್ಪಿದೆಯೇ ಎಂದು ಕೇಳುತ್ತೇನೆ. ಮಾತು ಬೇರೆ ಕಡೆಗೆ ತಿರುಗುತ್ತದೆ.

ಮಾದರಿ ಎಂದು ಯಾರನ್ನಾದರೂ ಇಟ್ಟುಕೊಳ್ಳುವುದಾದರೆ ನನಗೆ ರಾಜಾಜಿ (ಸಿ. ರಾಜಗೋಪಾಲಾಚಾರಿ). 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, ತಮ್ಮ ಹಳೆಯ ಸಂಗಾತಿ ನೆಹರೂ ಅವರ ಆರ್ಥಿಕ ನೀತಿಯನ್ನು ವಾರ ವಾರವೂ ಟೀಕಿಸಿದರು, ವ್ಯಕ್ತಿಯನ್ನು ಹಳಿಯದೆ. ಪರ್ಮಿಟ್–ಲೈಸೆನ್ಸ್ ರಾಜ್ಯ ಎಂಬ ಮಾತನ್ನು ದೇಶದ ಬಾಯಿಗೆ ಹಾಕಿದ್ದು ಅವರೇ. 1967ರಲ್ಲಿ ಲೋಕಸಭೆಗೆ 44 ಮಂದಿಯನ್ನು ಕಳಿಸಿದ ಆ ಪಕ್ಷ ಇಂದು ಇಲ್ಲ, ಆ ಮಾತು ಇದೆ.

ಕೊನೆಗೆ ಉಳಿಯುವ ಜಗಳ ತಲೆಬರಹದ್ದು. ದೇವಸ್ಥಾನದ ಅಂಕಣಕ್ಕೆ ಉಪಸಂಪಾದಕರು ‘ದೇವರ ಹುಂಡಿಗೆ ಸರ್ಕಾರದ ಕನ್ನ’ ಎಂದು ಹಾಕಲು ಹೊರಟಿದ್ದರು. ‘ನಿವ್ವಳವೋ, ಒಟ್ಟು ಆದಾಯವೋ?’ ಎಂದಿರಲಿ ಎಂದೆ. ‘ಇದನ್ನು ನೋಡಿದರೆ ಜನ ಪುಟ ಮಗುಚುತ್ತಾರೆ ಸಾರ್’ ಎಂದರು. ಮಗುಚಿದರೂ ಮಗುಚಿರಬಹುದು. ಅಚ್ಚಾದದ್ದು ಮಾತ್ರ ನನ್ನ ತಲೆಬರಹ.